ಚಿನ್ನ ಮುಟ್ಟದ ನಾಲಿಗೆ

ಸಾಯುವ ಹಿಂದಿನ ದಿನ ಅಪ್ಪ ಕೊಟ್ಟಿಗೆಯ ಮುಂದೆ ಕೂತು ಎತ್ತಿನ ಹಗ್ಗಕ್ಕೆ ಗಂಟು ಹಾಕುತ್ತಿದ್ದ. ದಾರಿಯಲ್ಲಿ ಹೋಗುತ್ತಿದ್ದ ದೊಡ್ಡಪ್ಪ ಎಂದಿನಂತೆ ನಿಂತು ಚುಚ್ಚಿದ. "ಏನ್ಲಾ, ಎತ್ತು ಕಟ್ಟಕ್ಕೂ ಹಡಗಿನ ಗಂಟೇ ಬೇಕೇನ್ಲಾ?"

ಅಪ್ಪ ತಲೆ ಎತ್ತಲಿಲ್ಲ. "ನಿಮ್ಮ ಬಾವಿ ಹಗ್ಗದಾಗೂ ಇದೇ ಗಂಟು ಐತೆ ಕಣಣ್ಣ. ಬಿಚ್ಚಾಕು. ಕೊಡ ಒಳಕ್ಕೆ ಬಿದ್ದಾಗ ಯೋಳು, ಬತ್ತೀನಿ."

ಆ ಮಾತು ನಿಜವಾಗಿತ್ತು. ಜರ್ಮನ್ ಯುದ್ಧದ ಕಾಲದಲ್ಲಿ ಅಪ್ಪ ಇಂಗ್ಲಿಷರ ಯುದ್ಧದ ಹಡಗಿನಲ್ಲಿ ಒಲೆಗೆ ಕಲ್ಲಿದ್ದಲು ತುಂಬುತ್ತಿದ್ದ. ಕಡಲು ದಾಟಿ ಬಂದವನು ಮತ್ತೆ ಜಾತಿಯೊಳಗೆ ಸೇರಬೇಕಾದರೆ ಕುಲದ ಯಜಮಾನರ ಮುಂದೆ ಕೂತು, ಕಾಯಿಸಿದ ಚಿನ್ನವನ್ನು ನಾಲಿಗೆಗೆ ಮುಟ್ಟಿಸಿಕೊಳ್ಳಬೇಕಿತ್ತು. ಅಪ್ಪ ಒಪ್ಪಲಿಲ್ಲ. "ಅಷ್ಟು ವರ್ಸ ಬೆಂಕಿ ಮುಂದೆ ನಿಂತಿವ್ನಿ. ಇವ್ರ ಬೆಂಕಿ ನಂಗ್ಯಾಕೆ?" ಅಂದ. ಅಂದಿನಿಂದ ಊರ ಬಾವಿ ನಮಗೆ ಇಲ್ಲವಾಯಿತು. ತನ್ನ ಪಾಲಿನ ಹೊಲದಲ್ಲಿ ಅಪ್ಪ ತಾನೇ ಬಾವಿ ತೋಡಿದ. ನಮ್ಮ ಮನೆಯ ನೀರು ಮುಟ್ಟದವರು ಅವನ ಗಂಟನ್ನು ಮಾತ್ರ ಕದ್ದು ನೋಡಿ ಕಲಿತುಕೊಂಡರು.

ದೊಡ್ಡಪ್ಪ ಚುಚ್ಚಿದ ಮರುದಿನ ಬೆಳಿಗ್ಗೆ, ತಾನೇ ತೋಡಿದ ಆ ಬಾವಿಯ ಬಳಿ ಕುಸಿದ ಅಪ್ಪ ಏಳಲಿಲ್ಲ.

ಅವನಿಗಿದ್ದ ಆಸೆ ಒಂದೇ. ಅವನು ಕಡಲ ಮೇಲಿದ್ದಾಗ ತೀರಿಕೊಂಡ ನನ್ನಮ್ಮನ ಪಕ್ಕದಲ್ಲಿ ಅವನನ್ನು ಮಣ್ಣು ಮಾಡಬೇಕು. ಅಮ್ಮನನ್ನು ಹೂತ ಹೊಲ ದೊಡ್ಡಪ್ಪನ ಪಾಲಿಗೆ ಹೋಗಿತ್ತು. ದೊಡ್ಡಪ್ಪ ಯಜಮಾನರನ್ನು ಕರೆದುಕೊಂಡೇ ಬಂದ. ಹಿಂದೆಯೇ ಕೆಂಡದ ಮಡಕೆಯೂ ಬಂತು.

"ಬದುಕಿದ್ದಾಗ ಒಪ್ನಿಲ್ಲ. ಈಗ ಬ್ಯಾಡ ಅನ್ನಕ್ಕೆ ಬಾಯಿ ಎಲ್ಲೈತೆ?" ಎಂದು ದೊಡ್ಡಪ್ಪ ನನ್ನತ್ತ ಕೈ ಚಾಚಿದ. "ಒಸಿ ಮುಟ್ಟುಸ್ಬುಟ್ರೆ ಮುಗೀತು, ನನ್ನ ಹೊಲಕ್ಕೇ ಎತ್ಕೊಂಡೋಗಾನ. ನಿನ್ನ ಓಲೆ ಬಿಚ್ಕೊಡವ್ವ."

ಅದು ಅಮ್ಮನ ಓಲೆ. ನೆರೆದ ಹೆಂಗಸರು ನನ್ನ ಕಿವಿಯನ್ನೇ ನೋಡುತ್ತಿದ್ದರು. ಕೊಟ್ಟರೆ ಅಪ್ಪ ಅಮ್ಮನ ಹತ್ತಿರ ಹೋಗುತ್ತಿದ್ದ, ನಾಲಿಗೆ ಸುಡಿಸಿಕೊಂಡು.

"ಉಸಿರಿದ್ದಾಗ ಅವನ ಬಾಯಿ ತೆಗ್ಸಕ್ಕೆ ನಿಮ್ಮ ಕೈಲಾಗ್ನಿಲ್ಲ," ಅಂದೆ. "ಈಗ್ಲೂ ಆಗಲ್ಲ. ಕೊಡಲ್ಲ ಓಗಿ."

"ಹಂಗಾದ್ರೆ ನನ್ನ ಹೊಲಕ್ಕೆ ಹೆಣ ಬರಕೂಡ್ದು," ಅಂದು ದೊಡ್ಡಪ್ಪ ಎದ್ದ. ಅವನ ಜೊತೆ ಎಲ್ಲರೂ ಎದ್ದರು. ಮಡಕೆಯನ್ನೂ ಮರೆಯದೆ ಎತ್ತಿಕೊಂಡು ಹೋದರು.

ಹೆಗಲು ಕೊಡಲು ಊರಿನವರು ಒಬ್ಬರೂ ಬರಲಿಲ್ಲ. ಹಡಗಿನಲ್ಲಿ ಅಪ್ಪನ ಜೊತೆಗಿದ್ದು, ಈಗ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುತ್ತಿದ್ದ ಸಾಹೇಬರೊಬ್ಬರು ಸುದ್ದಿ ಕೇಳಿ ಮಕ್ಕಳೊಂದಿಗೆ ಬಂದರು. ಅವರೇ ಚಟ್ಟ ಕಟ್ಟಿದರು. ಅದಕ್ಕೂ ಅದೇ ಗಂಟು ಹಾಕಿದರು. ಅಪ್ಪನದೇ ಹೊಲದ ಬದುವಿನಲ್ಲಿ ಹೂತೆವು. ದೊಡ್ಡಪ್ಪ ಬೇಲಿಯಾಚೆ ನಿಂತು ನೋಡುತ್ತಿದ್ದ. ಅವನು ಅತ್ತನೋ ಇಲ್ಲವೋ ನನಗೆ ಬೇಕಿಲ್ಲ.

ಮುಂದೆ ಅವನೂ ಸತ್ತ. ಅಮ್ಮನ ಗುಡ್ಡೆಯ ಹತ್ತಿರವೇ ಹೂತರಂತೆ. ನಾನು ಮಣ್ಣು ಹಾಕಲು ಹೋಗಲಿಲ್ಲ.

ಓಲೆ ನನ್ನ ಕಿವಿಯಲ್ಲೇ ಇದೆ. ಅಮ್ಮನ ಪಕ್ಕದಲ್ಲಿ ಅಪ್ಪ ಇಲ್ಲ.