ನೀರಿಗಿಳಿಯುವ ರಸ್ತೆ

ಮೆಲ್ಬರ್ನಿನ ಜುಲೈ ಚಳಿಯಲ್ಲಿ ಜಲಾಶಯದ ದಡದ ಮೇಲಿದ್ದವರೆಲ್ಲ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ನಿಂತಿದ್ದರೆ, ಚನ್ನಣ್ಣ ಮಾತ್ರ ಬೂಟು, ಕಾಲುಚೀಲ ಎರಡನ್ನೂ ಕಳಚಿ ಬರಿಗಾಲಲ್ಲಿ ನೀರಿಗೆ ಇಳಿಯುತ್ತಿದ್ದರು. ಇಳಿಯುವ ಮುಂಚೆ ಬಗ್ಗಿ, ಬೆರಳು ಅದ್ದಿ, ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಗಾಳದ ರಾಡ್ ಕೈಗೆ ಬರುತ್ತಿದ್ದುದು ಆಮೇಲೆ. ಜಾಕೆಟ್ಟಿನ ಮೇಲೆ ಜಾಕೆಟ್ಟು ಹಾಕಿ ಕೂತ ನನಗೇ ಅದನ್ನು ನೋಡಿ ಹಲ್ಲು ಕಟಕಟಿಸುತ್ತಿತ್ತು.

"ಗಂಗಮ್ಮನ ಮ್ಯಾಲೆ ಬೂಟ್‌ಗಾಲು ಇಡಾಕ ಆಗ್ತದೇನ್ರಿ?" ಎನ್ನುತ್ತಿದ್ದರು.

"ಗಂಗಮ್ಮನ ಹೊಟ್ಟೆಯೊಳಗಿನ ಮೀನಿಗೆ ಗಾಳ ಹಾಕಬಹುದಾ?" ಎಂದು ನಾನು ಕೆಣಕುತ್ತಿದ್ದೆ.

"ಅದು ಬ್ಯಾರೆ. ಸುಮ್ಮ ಕುಂದರ್ರಿ, ಮೈಸೂರವ್ರ."

ನನಗೆ ಹೆಸರಿದ್ದರೂ ಅವರ ಬಾಯಲ್ಲಿ ನಾನು ಕೊನೆಯವರೆಗೂ 'ಮೈಸೂರವ್ರು' ಆಗಿಯೇ ಉಳಿದೆ. ಅವರು ಬೈಲಹೊಂಗಲದ ಕಡೆಯವರು. ವಿಂಡಮ್ ವೇಲ್ ಬಡಾವಣೆಯಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಇದ್ದರು. ಕೆಲಸ ಮಾತ್ರ ಡ್ಯಾಂಡಿನಾಂಗಿನ ಒಂದು ಕಾರ್ಖಾನೆಯಲ್ಲಿ, ಊರಿನ ಈ ತುದಿಯಿಂದ ಆ ತುದಿಗೆ. ಯಂತ್ರಗಳನ್ನು ರಿಪೇರಿ ಮಾಡಿಸುವ ಇಂಜಿನಿಯರು. ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟಿದವರಲ್ಲ. ಅಂಥವರಿಗೆ ಈ ಮೀನಿನ ಹುಚ್ಚು ಎಲ್ಲಿಂದ ಹತ್ತಿತೆಂದು ನಮ್ಮ ಕನ್ನಡದ ಮಂದಿಗೆಲ್ಲ ಸೋಜಿಗ. ಕಾರ್ಖಾನೆಯ ಗೆಳೆಯರು ಒಂದು ಭಾನುವಾರ ಜೊತೆಗೆ ಕರೆದುಕೊಂಡು ಹೋಗಿದ್ದರಂತೆ, ಅಷ್ಟೇ. ಆ ಗೆಳೆಯರು ಆಮೇಲೆ ಬಿಟ್ಟರು, ಇವರು ಬಿಡಲಿಲ್ಲ.

ಗಾಳಕ್ಕೆ ಬಿದ್ದ ಟ್ರೌಟ್ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು, ಮೆತ್ತಗೆ ಗಾಳ ಬಿಡಿಸಿ, "ಹೋಗಪಾ, ಮನಿಗೆ ಹೋಗು" ಎಂದು ನೀರಿಗೆ ಬಿಟ್ಟುಬಿಡುತ್ತಿದ್ದರು. ಆದರೂ ಅವರ ಹೆಂಡತಿ ಗಿರಿಜಾ ವೈನಿ ಹಾಗೇ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಹಿತ್ತಲಲ್ಲಿ ಗಿಡಕ್ಕೆ ನೀರು ಬಿಡುವ ಪೈಪು ಹಿಡಿದು ತಲೆಯ ಮೇಲಿಂದ ಸ್ನಾನ ಆಗಬೇಕು, ಬಟ್ಟೆ ಗರಾಜಿನಲ್ಲೇ ಬಿಡಬೇಕು. ಆ ಚಳಿಯಲ್ಲಿ ಚನ್ನಣ್ಣ ಕುಣಿಯುತ್ತ ಸ್ನಾನ ಮಾಡುವ ಸದ್ದು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಅತ್ತಿಗೆಗೆ 'ವೈನಿ' ಅನ್ನುವುದನ್ನು ನಾನು ಕಲಿತದ್ದು ಅವರ ಮನೆಯಲ್ಲೇ. ವೈನಿಯದು ಇನ್ನೊಂದು ಷರತ್ತಿತ್ತು. ಒಬ್ಬರೇ ಹೋಗಕೂಡದು.

"ಇವರಿಗೆ ಈಜು ಬರೂದಿಲ್ಲ ತಮ್ಮಾ. ನೀರು ಕಂಡ್ರ ಮೈಮ್ಯಾಲೆ ಖಬರ ಇರೂದಿಲ್ಲ. ನೀವು ಜೋಡಿ ಇದ್ರಷ್ಟ ನಾ ಕಳಸ್ತೀನಿ" ಎಂದು ನನ್ನ ಮುಂದೆಯೇ ಹೇಳಿದ್ದರು. ಮೀನು ಹಿಡಿಯುವ ಗಂಧಗಾಳಿ ಇಲ್ಲದ ನಾನು ಐದು ವರ್ಷ ಆ ದಡದ ಮೇಲೆ ಮಡಚುವ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನ ಚಹಾ ಕುಡಿಯುತ್ತ ಕೂತದ್ದು ಈ ಕಾರಣಕ್ಕೆ.

ಆ ಜಲಾಶಯ ನನಗೆ ಮೊದಲ ದಿನದಿಂದಲೂ ಹಿಡಿಸಲಿಲ್ಲ. ಊರು ದಾಟಿ ಗುಡ್ಡಗಳ ನಡುವೆ ಒಂದೂವರೆ ಗಂಟೆ ಹೋಗಬೇಕು. ದೋಣಿ ಬಿಡುವಂತಿಲ್ಲ, ಈಜುವಂತಿಲ್ಲ, ದಡದಿಂದಷ್ಟೇ ಮೀನು ಹಿಡಿಯಬಹುದು. ದಡವೋ ಕಡಿದಾದ ಜಾರುಮಣ್ಣು. ಎಂದೋ ಮುಳುಗಿ ಸತ್ತ ಮರಗಳು ನೀರಿನ ನಡುವೆ ಇನ್ನೂ ನಿಂತಿವೆ. ಎಸೆದ ಗಾಳ ಅವುಗಳ ಕೊಂಬೆಗೆ ಸಿಕ್ಕಿಕೊಂಡರೆ ಲೈನ್ ಕತ್ತರಿಸುವುದೇ ಗತಿ. ಬಿಸಿಲಿದ್ದ ದಿನ ಒಂದು ಮೀನೂ ಬರುವುದಿಲ್ಲ. ಮೋಡ ಕವಿದು, ಗಾಳಿ ಎದ್ದು, ಅಲೆ ಬಂದು ದಡಕ್ಕೆ ಬಡಿಯತೊಡಗಿದಾಗ ಹುಳಹುಪ್ಪಟೆಯೆಲ್ಲ ಈ ಕಡೆಗೆ ತೇಲಿ ಬರುತ್ತವೆ, ಅವುಗಳ ಹಿಂದೆ ಟ್ರೌಟ್ ಬರುತ್ತದೆ. ಅಂದರೆ ಬುದ್ಧಿ ಇದ್ದವರು ಮನೆಗೆ ಹೊರಡುವ ಹೊತ್ತಿಗೇ ಅಲ್ಲಿ ಮೀನು ಶುರು.

ಆ ದಡದಲ್ಲಿ ಒಂದು ರಸ್ತೆಯಿತ್ತು. ಜಲಾಶಯ ಕಟ್ಟುವ ಮೊದಲಿನ ಡಾಂಬರು ರಸ್ತೆ. ಗುಡ್ಡದಿಂದ ಇಳಿದು ಬಂದು, ಎಲ್ಲಿಯೂ ನಿಲ್ಲದೆ, ಸೀದಾ ನೀರಿನೊಳಗೆ ಹೋಗಿಬಿಡುತ್ತಿತ್ತು. ನಡುವಿನ ಬಿಳಿ ಗೆರೆ ನೀರಿನ ಕೆಳಗೂ ಸ್ವಲ್ಪ ದೂರ ಕಾಣುತ್ತಿತ್ತು, ಆಮೇಲೆ ಕಪ್ಪು. ನಾನು ಆ ಗೆರೆಯನ್ನು ನೋಡುತ್ತಲೇ ಇರಲಿಲ್ಲ. ಚನ್ನಣ್ಣನಿಗೆ ಅದೇ ಜಾಗ ಪ್ರೀತಿ. ಎಲ್ಲರೂ ಮಣ್ಣಿನಲ್ಲಿ ಜಾರುತ್ತಿದ್ದರೆ ಇವರು ಆ ರಸ್ತೆಯ ಮೇಲೆ ಬರಿಗಾಲಲ್ಲಿ ನಡೆದು ಮೊಣಕಾಲು ಮಟ್ಟದ ನೀರಲ್ಲಿ ನಿಂತು ಗಾಳ ಎಸೆಯುತ್ತಿದ್ದರು.

"ಡಾಂಬರು ಅಂಗಾಲಿಗೆ ಗೊತ್ತಾಗ್ತದ್ರಿ. ಬೂಟ್ ಹಾಕ್ಕೊಂಡವ್ರಿಗೆ ಏನ್ ತಿಳೀತದ?"

ರಸ್ತೆ ಹೋಗಿ ಮುಟ್ಟುತ್ತಿದ್ದುದು ಹಳೆಯ ನದಿಯ ಸೇತುವೆಗೆ. ನೀರು ತುಂಬಿಸುವ ಮುಂಚೆ ಸೇತುವೆಯನ್ನು ಕಿತ್ತು ಹಾಕಿದ್ದರು, ಈ ಬದಿಯ ಕಲ್ಲಿನ ಗೋಡೆ ಮಾತ್ರ ಹಾಗೇ ಇತ್ತು. ಇದನ್ನೆಲ್ಲ ಚನ್ನಣ್ಣ ಹಳೆಯ ನಕ್ಷೆ ಹುಡುಕಿ ತಿಳಿದುಕೊಂಡಿದ್ದರು. ದೊಡ್ಡ ಟ್ರೌಟ್ ಆ ಗೋಡೆಯ ಮಗ್ಗುಲಲ್ಲೇ ಇರಬೇಕೆಂದು ಅವರ ನಂಬಿಕೆ. ಒಮ್ಮೆ ಸಂಜೆ ಅಂಥದ್ದೊಂದು ಅವರ ಗಾಳಕ್ಕೆ ಬಂದಿತ್ತು. ರಾಡ್ ಬಿಲ್ಲಾಯಿತು, ರೀಲು ಚೀರಿತು, ಮೀನು ಒಂದು ಸಲ ಮೇಲೆದ್ದು ಮೈ ತೋರಿಸಿ ಲೈನ್ ಹರಿದುಕೊಂಡು ಹೋಯಿತು. ಅವತ್ತು ಚನ್ನಣ್ಣ ಕಾರಿನಿಂದ ಮನೆ ಮುಂದೆ ಇಳಿದು, "ಅದು ನನ್ನ ನೋಡಿಕೊಂಡು ಹೋತ್ರಿ" ಎಂದರು. ನನಗೆ ಆ ಮಾತು ಸರಿಬರಲಿಲ್ಲ.

ಅದಾದ ಮೇಲೆ ಮಳೆ ಕಡಿಮೆಯಾಯಿತು. ನೀರು ಇಳಿಯುತ್ತ ಹೋಯಿತು, ರಸ್ತೆ ಉದ್ದವಾಗುತ್ತ ಹೋಯಿತು. ಹೋದಾಗಲೆಲ್ಲ ಅವರು ಹಿಂದಿನ ಸಲಕ್ಕಿಂತ ಮುಂದೆ ನಿಲ್ಲುತ್ತಿದ್ದರು. ನನ್ನ ಕುರ್ಚಿಯನ್ನೂ ಮುಂದೆ ಎಳೆದುಕೊಳ್ಳುತ್ತಿದ್ದೆ. ಸುತ್ತಮುತ್ತಲಿನವರೆಲ್ಲ ನೀರಿಲ್ಲವೆಂದು ಗೊಣಗುತ್ತಿದ್ದರೆ ಇವರೊಬ್ಬರು, "ಇನ್ನೊಂದೀಟು ಇಳೀಲಿ" ಎನ್ನುತ್ತಿದ್ದರು.

ಒಂದು ದಿನ ಗಾಳಿ ಜೋರಿತ್ತು. ಸೊಂಟದವರೆಗೆ ನೀರಲ್ಲಿದ್ದರು. ನಾನು ಎರಡು ಸಲ ಕೂಗಿದೆ, ಕೇಳಿಸಲಿಲ್ಲವೋ ಕೇಳಿಸಿಕೊಳ್ಳಲಿಲ್ಲವೋ. ನೋಡನೋಡುತ್ತಿದ್ದಂತೆ ಎದೆಯವರೆಗೆ ಕುಸಿದರು. ರಾಡ್ ಬಿಡಲಿಲ್ಲ. ಹೇಗೋ ಹಿಂದಕ್ಕೆ ಒರಗಿ, ಕಾಲಿನಿಂದ ತಡಕಿ, ಮತ್ತೆ ಡಾಂಬರಿನ ಮೇಲೆ ಬಂದರು. ನಾನು ಬೂಟು ಸಮೇತ ನೀರಿಗೆ ಓಡಿ ಅವರ ಜಾಕೆಟ್ಟಿನ ಕಾಲರ್ ಹಿಡಿದು ಎಳೆದೆ. ದಡಕ್ಕೆ ಬಂದ ಮೇಲೆ ಬಾಯಿಗೆ ಬಂದಂತೆ ಬೈದೆ. ನನಗಿಂತ ಹನ್ನೆರಡು ವರ್ಷ ದೊಡ್ಡವರು ಎನ್ನುವುದನ್ನೂ ನೋಡಲಿಲ್ಲ. ಅವರು ನಡುಗುತ್ತ ಕೂತಿದ್ದರು, ಮುಖದಲ್ಲಿ ಮಾತ್ರ ಭಯವಿರಲಿಲ್ಲ.

"ರಸ್ತಾ ಅಲ್ಲಿಗೆ ಮುಗೀತದ್ರಿ. ತುದಿ ಸಿಕ್ತು ನನಗ. ಕೆಳಗ ನೀರು ಹರ್ಯಾಕತ್ತೈತಿ, ಕಾಲು ಎಳಿತದ. ಹಳೇ ಹೊಳಿ ಇನ್ನೂ ಐತ್ರಿ ಒಳಗ."

"ವೈನಿಗೆ ಹೇಳ್ತೀನಿ ಇವತ್ತು."

"ಹೇಳಬ್ಯಾಡ್ರಿ. ಇನ್ನ ಮೊಣಕಾಲು ದಾಟಂಗಿಲ್ಲ. ಆಣಿ."

ನಾನು ಹೇಳಿಯೇಬಿಟ್ಟೆ. ವೈನಿ ಮೂರು ತಿಂಗಳು ರಾಡುಗಳನ್ನು ಬಟ್ಟೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಆಮೇಲೆ ನನ್ನ ಮುಖ ನೋಡಿಯೇ ತೆಗೆದುಕೊಟ್ಟರು. ಚನ್ನಣ್ಣ ಆಣೆ ಮುರಿಯಲಿಲ್ಲ. ನಾನು ಕೂತಿರುವಷ್ಟು ಹೊತ್ತು ಮೊಣಕಾಲು ದಾಟಲಿಲ್ಲ. ಆದರೆ ಅವರ ಕಣ್ಣು ಬಿಳಿ ಗೆರೆ ಕಾಣದಾಗುವ ಕಡೆಗೇ ಇರುತ್ತಿತ್ತು.

ಅಷ್ಟರಲ್ಲಿ ನನ್ನ ಕಂಪನಿ ನನ್ನನ್ನು ಸಿಡ್ನಿಗೆ ಹಾಕಿತು. ಮಗಳ ಶಾಲೆಯ ವರ್ಷ ಮುಗಿಯುವವರೆಗೆ ವಾರದ ಕೊನೆಗೆ ವಿಮಾನ ಹತ್ತಿ ಮೆಲ್ಬರ್ನಿಗೆ ಬರುತ್ತಿದ್ದೆ, ಭಾನುವಾರ ಅವರ ಜೊತೆ ಹೋಗುತ್ತಿದ್ದೆ. ಡಿಸೆಂಬರಿನಲ್ಲಿ ಮನೆ ಖಾಲಿ ಮಾಡಿ ಎಲ್ಲರೂ ಸಿಡ್ನಿಯ ಮಾರ್ಸ್ಡನ್ ಪಾರ್ಕ್ ಬಡಾವಣೆಗೆ ಹೊರಟೆವು. ಚನ್ನಣ್ಣನೇ ಏರ್‌ಪೋರ್ಟಿಗೆ ಬಿಡಲು ಬಂದರು. ದಾರಿಯುದ್ದಕ್ಕೂ ಸಿಡ್ನಿಯ ಮನೆ ಬಾಡಿಗೆಯನ್ನು ಬೈದರು, ನನ್ನ ಮಗಳಿಗೆ ಅಳ್ಳಿಟ್ಟಿನ ಉಂಡೆಯ ಡಬ್ಬಿ ಕೊಟ್ಟರು. ಇಳಿಯುವಾಗ ಅವರ ಕೈ ಹಿಡಿದು, "ಒಬ್ಬರೇ ಹೋಗಬೇಡಿ ಅಣ್ಣ" ಎಂದೆ.

"ನೀವಿಲ್ದ ಏನ್ ಮಜಾರಿ ಅಲ್ಲಿ? ರಾಡ್ ಮಾರಿಬಿಡ್ತೀನಿ ತಗೋರಿ" ಎಂದು ನಕ್ಕರು. ಆ ಮಾತನ್ನು ನಾನು ನಂಬಿದೆ. ಅದೇ ನಮ್ಮ ಕೊನೆಯ ಭೇಟಿ.

ಏಪ್ರಿಲಿನ ಒಂದು ಸೋಮವಾರ ಪೊಲೀಸರ ಮುಳುಗುಗಾರರಿಗೆ ಅವರು ಆ ಕಲ್ಲಿನ ಗೋಡೆಯ ಕೆಳಗೆ ಸಿಕ್ಕರು. ಹಿಂದಿನ ದಿನ ಗಾಳಿ ಬಹಳ ಇತ್ತಂತೆ, ದಡದಲ್ಲಿ ಬೇರೆ ಯಾರೂ ಇರಲಿಲ್ಲವಂತೆ. ಅಂತ್ಯಕ್ರಿಯೆಗೆ ಹೋಗಿ ಬಂದೆ. ಅವರ ಮೇಲೆ ನನಗೆ ದುಃಖದಷ್ಟೇ ಸಿಟ್ಟೂ ಇದೆ, ಇನ್ನೂ ಇಳಿದಿಲ್ಲ. ಆದರೆ ನನ್ನ ನಿದ್ದೆ ಕೆಡಿಸುವುದು ಆ ಗೋಡೆಯಲ್ಲ, ನೀರೂ ಅಲ್ಲ. ಹಿಂದಿನ ದಿನ, ಭಾನುವಾರ ಮಧ್ಯಾಹ್ನ ಬಂದ ಒಂದು ಫೋನು.

ಮಾರ್ಸ್ಡನ್ ಪಾರ್ಕಿನ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಫೋನು ಮಾಡಿದ್ದು ಗಿರಿಜಾ ವೈನಿ. ದನಿಯಲ್ಲಿ ಸ್ವಲ್ಪ ಮುನಿಸಿತ್ತು.

"ಏನ್ ತಮ್ಮಾ, ಆಫೀಸಿನ ಕೆಲಸಕ್ಕಂತ ವಾರವಾರ ಮೆಲ್ಬರ್ನಿಗೆ ಬರ್ತೀರಂತ, ನಮ್ಮ ಮನಿಗೆ ಒಮ್ಮೆನೂ ಬರ್ಲಿಲ್ಲ. ಸೀದಾ ಕೆರಿಗೆ ಹೋಗಿ ಸೀದಾ ಏರ್‌ಪೋರ್ಟಿಗೆ ಹೋಗ್ತೀರಿ. ಇವತ್ತರೆ ಊಟಕ್ಕ ಬರ್ರಿ, ರೊಟ್ಟಿ ಮಾಡೀನಿ. ಅವರ ಫೋನ್ ಹತ್ತವಲ್ದು, ನಿಮ್ಮ ಫೋನ್ ಅವರ ಕೈಯಾಗ ಕೊಡ್ರಿ ಒಂಚೂರು."

ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ಇತ್ತು. ಡಿಸೆಂಬರಿನಿಂದ ನಾನು ಒಂದು ಸಲವೂ ಮೆಲ್ಬರ್ನಿಗೆ ಕಾಲಿಟ್ಟಿರಲಿಲ್ಲ.

"ವೈನಿ, ನಾನು ಸಿಡ್ನಿಯಲ್ಲಿದ್ದೀನಿ. ನಮ್ಮ ಮನೇಲಿದ್ದೀನಿ."

ಒಲೆಯ ಮೇಲೆ ಏನೋ ಕುದಿಯುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಆಮೇಲೆ ವೈನಿ ಬಹಳ ಮೆಲ್ಲಗೆ ಕೇಳಿದರು.

"ಹಂಗಾರ ಅವರ ಜೋಡಿ ಯಾರದಾರ?"