ಲ್ಯಾಪ್‌ಟಾಪ್ ಮುಚ್ಚಿ ಹೇಳು

ಎಐ ಬಂದು ನಿಮ್ಮ ಕೆಲಸ ಕಿತ್ತುಕೊಳ್ಳುತ್ತದಂತೆ ಹೌದಾ ಎಂದು ವಡಾಲದ ನಮ್ಮ ಬಿಲ್ಡಿಂಗಿನಲ್ಲಿ ಯಾರಾದರೂ ಕನಿಕರದಿಂದ ಕೇಳಿದರೆ ನನಗೆ ನಗು ಬರುತ್ತದೆ. ಕಿತ್ತುಕೊಳ್ಳಲಿ ಬಿಡಿ, ಆಮೇಲೆ ಬೈಸಿಕೊಳ್ಳುವುದಕ್ಕೂ ಅದೇ ಬರಬೇಕಲ್ಲ! ನಾನು ದಿನವೂ ಅದರ ಕೈಲಿ ಕೋಡ್ ಬರೆಸುತ್ತೇನೆ. ಮೊದಲು ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಈಗ ಊಟದ ಹೊತ್ತಿಗೆ ಮುಗಿದಿರುತ್ತದೆ. ಅದರ ಬಗ್ಗೆ ನನಗೆ ಭಯವೂ ಇಲ್ಲ, ಭಕ್ತಿಯೂ ಇಲ್ಲ.

ಭಾಂಡುಪ್‌ನಲ್ಲಿ ಹಳೇ ಕಾರ್ಖಾನೆಯ ಜಾಗದಲ್ಲೆದ್ದ ಕಟ್ಟಡದಲ್ಲಿ ನಮ್ಮ ಆಫೀಸು. ನನ್ನ ಟೀಮಿನಲ್ಲಿ ಒಂದೇ ಕಟ್ಟಳೆ: ಯಾರೇ ಕೋಡ್ ತಂದರೂ ನನ್ನೆದುರು ಲ್ಯಾಪ್‌ಟಾಪ್ ಮುಚ್ಚಿ, ಅದು ಏನು ಮಾಡುತ್ತದೆಂದು ಬಾಯಲ್ಲಿ ಹೇಳಬೇಕು. ಹೇಳಲು ಬಂದರೆ ಒಪ್ಪಿಗೆ, ಇಲ್ಲದಿದ್ದರೆ ವಾಪಸ್. ಮ್ಯಾನೇಜರಿಗೆ ಇದು ಅಜ್ಜಿ ಕಾಲದ ಪದ್ಧತಿ. ಕೋಡ್ ನೋಡಲಿಕ್ಕೂ ಎಐ ಇದೆಯಲ್ಲ ಎನ್ನುತ್ತಾರೆ. ನೋಡಲಿ, ಬೇಡ ಅಂದವರು ಯಾರು? ಬರೆದವರ ಬಾಯಿಂದ ನಾನೂ ಕೇಳುತ್ತೇನೆ.

ಹೋದ ಮಳೆಗಾಲ ಒಂದು ಡಯಾಲಿಸಿಸ್ ಕೇಂದ್ರದ ಕೆಲಸ ಬಂತು. ರೋಗಿಗಳಿಗೆ ಸರದಿ ಕೊಡುವ ಆ್ಯಪ್. ಅದನ್ನು ಮಾಡುತ್ತಿದ್ದವಳು ನನ್ನ ಟೀಮಿನ ಹುಡುಗಿ, ಬೈಕುಲ್ಲಾದವಳು. ಅಪ್ಪ ವಿಜಯಪುರದಿಂದ ಬಂದು ಅಲ್ಲೇ ಟೈಲರಿಂಗ್ ಅಂಗಡಿ ಇಟ್ಟವರು. ಮನೆಯಲ್ಲಿ ದಖ್ಖನಿ ಉರ್ದು, ನನ್ನ ಹತ್ತಿರ ವಿಜಯಪುರದ ಗಟ್ಟಿ ಕನ್ನಡ. ಕೆಲಸಕ್ಕೆ ಸೇರಿ ವರ್ಷವಾದರೂ ಕಾಯಂ ಆಗಿರಲಿಲ್ಲ. ಶುಕ್ರವಾರ ಕೇಂದ್ರದ ಹಿರಿಯ ನರ್ಸ್ ಬಂದು ಆ್ಯಪ್ ನೋಡಿ ಹೂಂ ಅಂದರೆ ಕಾಯಂ ಎಂದು ಮ್ಯಾನೇಜರ್ ಹೇಳಿದ್ದರು.

ಗುರುವಾರ ಮಧ್ಯಾಹ್ನ ಓಡಿ ಬಂದಳು. "ಅಕ್ಕಾ, ಎಲ್ಲಾ ಟೆಸ್ಟ್ ಪಾಸ್ ಆಗ್ಯಾವ. ಒಪ್ಪಿಗಿ ಕೊಟ್‌ಬಿಡ್ರಿ."

"ಮುಚ್ಚೇ ಲ್ಯಾಪ್‌ಟಾಪು."

"ಇವತ್ತೊಂದಿನ ಬಿಡ್ರಿ ಅಕ್ಕಾ! ಎಐ ನೋಡಿ ಛಲೋ ಐತಿ ಅಂದೈತಿ."

"ನನಗೂ ದಿನಾ ಹಾಗೇ ಅನ್ನತ್ತೆ ಕಣೇ. ನೀನು ಹೇಳು."

ಮುಖ ಊದಿಸಿಕೊಂಡು ಶುರು ಮಾಡಿದಳು. "ಪೇಷಂಟ್ ಬಂದು ಹಾಜರಿ ಹಾಕ್ತಾರ. ಟೈಮಿಗೆ ಬರ್ಲಿಲ್ಲಂದ್ರ ಅದು ಹದಿನೈದು ನಿಮಿಷ ಕಾಯ್ತೈತಿ. ಆಮ್ಯಾಲ ಸರದಿ ರದ್ದು ಮಾಡಿ ಮುಂದಿನವ್ರಿಗೆ ಕೊಡ್ತೈತಿ..." ಅಷ್ಟಕ್ಕೇ ನಿಂತಳು. "ಅಯ್ಯಯ್ಯ! ಅಕ್ಕಾ, ರವಿವಾರ ಮೆಗಾಬ್ಲಾಕ್ ಇರ್ತೈತಲ್ರಿ!"

ಹಳಿ ರಿಪೇರಿಗೆಂದು ಭಾನುವಾರ ಲೋಕಲ್ ರೈಲುಗಳು ಗಂಟೆಗಟ್ಟಲೆ ನಿಲ್ಲುವ ಊರಿದು. ರೈಲು ತಡವಾಗಿ, ಸರದಿ ರದ್ದಾಗಿ ಡಯಾಲಿಸಿಸ್ ತಪ್ಪಿದರೆ ಜೀವಕ್ಕೇ ಕುತ್ತು. ಹದಿನೈದು ನಿಮಿಷ ಎಂದು ಯಾರೂ ಹೇಳಿರಲಿಲ್ಲ, ಎಐ ತಾನಾಗಿ ಹಾಕಿತ್ತು. ಕೋಡ್ ಸರಿಯಿದೆಯೇ ಎಂದು ನೋಡುವ ಟೆಸ್ಟುಗಳನ್ನು ಬರೆದದ್ದೂ ಅದೇ. ತಾನೇ ಪ್ರಶ್ನೆಪತ್ರಿಕೆ ಮಾಡಿ, ತಾನೇ ಉತ್ತರ ಬರೆದು, ನೂರಕ್ಕೆ ನೂರು ಕೊಟ್ಟುಕೊಂಡ ಹಾಗೆ.

"ಬ್ಯಾರೆ ನಂಬರ್ ಹಾಕ್ಲೇನ್ರಿ?" ಎಂದಳು.

"ಅದೂ ಊಹೇನೇ ಅಲ್ವಾ? ಎಷ್ಟು ಹೊತ್ತು ಕಾಯಬೇಕು ಅಂತ ಕೇಂದ್ರದವರೇ ಹೇಳಬೇಕು."

"ಹಂಗಾರ ನನ್ ಕೆಲ್ಸಾ?" ಅವಳ ಕಣ್ಣು ತುಂಬಿತು. ಆದರೂ ನಾನು ಒಪ್ಪಿಗೆ ಕೊಡಲಿಲ್ಲ.

ಶುಕ್ರವಾರ ನರ್ಸ್ ಬಂದು ಕುಳಿತರು. ನಾನು ಬಾಯಿ ತೆರೆಯುವ ಮುಂಚೆ ಅವಳೇ ಎದ್ದು ನಿಂತಳು. ಆ್ಯಪ್ ಇನ್ನೂ ಆಗಿಲ್ಲವೆಂದು ಹಿಂದಿಯಲ್ಲಿ ಹೇಳಿ, ಹದಿನೈದು ನಿಮಿಷದ ಕತೆಯನ್ನೂ ಬಿಚ್ಚಿಟ್ಟಳು.

ನರ್ಸ್ ಹೌಹಾರಿದರು. ಫೋನ್ ಮಾಡಿ ಕೇಳದೆ ನಾವು ಯಾರ ಸರದಿಯನ್ನೂ ತೆಗೆಯುವುದಿಲ್ಲ, ಭಾನುವಾರವಂತೂ ಎಲ್ಲರೂ ಲೇಟೇ ಎಂದರು.

ಮ್ಯಾನೇಜರ್ ಮುಖ ಕೆಂಪಾಯಿತು. "ಯೇ ಕಿಸ್‌ನೇ ಲಿಖಾ?" ಯಾರು ಬರೆದದ್ದು ಇದು ಎಂದರು.

ಎಐ ಬರೆದದ್ದು ಎಂದು ಅವಳು ಅಂದಿದ್ದರೆ ಮುಗಿಯುತ್ತಿತ್ತು. ಸುಳ್ಳೂ ಆಗುತ್ತಿರಲಿಲ್ಲ. ನಮ್ಮ ಆಫೀಸಿನಲ್ಲಿ ದಿನವೂ ಹಾಗೆಂದು ಕೈ ತೊಳೆದುಕೊಳ್ಳುವವರನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

"ಮೈನೇ, ಸರ್," ನಾನೇ ಬರೆದದ್ದು ಎಂದಳು ಅವಳು. ಸೋಮವಾರ ಸರಿ ಮಾಡಿ ತೋರಿಸುತ್ತೇನೆ ಎಂದೂ ಸೇರಿಸಿದಳು.

ನರ್ಸ್ ಬ್ಯಾಗ್ ಹೆಗಲಿಗೇರಿಸಿ, ಹಾಗಾದರೆ ಸೋಮವಾರ ಬರುತ್ತೇನೆ, ಇವಳೇ ತೋರಿಸಲಿ ಎಂದು ಹೊರಟರು. ಅವಳು ಅವರನ್ನು ಲಿಫ್ಟಿನವರೆಗೆ ಬಿಡಲು ಹೋದಳು. ಈಗ ಇವಳ ಕಾಯಂ ವಿಷಯ ಏನು ಮಾಡೋಣ ಎಂದು ಮ್ಯಾನೇಜರ್ ನನ್ನನ್ನು ಕೇಳಿದರು.

"ನಾನೇ ಬರೆದದ್ದು ಅನ್ನೋರನ್ನ ಬಿಟ್ಟು ಇನ್ಯಾರನ್ನ ಕಾಯಂ ಮಾಡ್ತೀರಿ ಸರ್?" ಎಂದೆ. "ಎಐನಾ?"

ಸಂಜೆ ಅವಳು ಮನೆಗೆ ಹೊರಡುವ ಮೊದಲೇ ಅವರು ಅವಳ ಕಾಯಂ ಪತ್ರಕ್ಕೆ ಸಹಿ ಹಾಕಿದರು.