ಚುನಾವಣೆ ಬಂದಾಗ ಔರಾದಿಗೆ ಹೋಗುತ್ತಿದ್ದ ಗಾದಿ

ಚುನಾವಣೆ ಘೋಷಣೆಯಾದ ವಾರದಲ್ಲಿ ನಮ್ಮ ಮನೆಯ ಒಂದು ಗಾದಿ ಔರಾದಿಗೆ ಹೋಗುತ್ತಿತ್ತು. ಸುರುಳಿ ಸುತ್ತಿ, ಎರಡು ಕಡೆ ಹಗ್ಗ ಬಿಗಿದ ಹತ್ತಿಯ ಗಾದಿ. ಅದರೊಳಗೆ ಅಪ್ಪನ ಒಂಟಿ ನಳಿಗೆಯ ಬಂದೂಕು ಇರುತ್ತಿತ್ತು.

ಅದು ಅಜ್ಜನ ಕಾಲದ ಬಂದೂಕು. ಭಾಲ್ಕಿ ತಾಲೂಕಿನ ಸಾಯಗಾಂವದಲ್ಲಿ ನಮ್ಮ ಹೊಲವಿದೆ, ಅಲ್ಲಿ ಕಾಡುಹಂದಿಗಳ ಕಾಟ. ಬೆಳೆ ರಕ್ಷಣೆಗೆಂದು ಅಜ್ಜನಿಗೆ ಸಿಕ್ಕ ಲೈಸನ್ಸು ಅವರ ನಂತರ ಅಪ್ಪನ ಹೆಸರಿಗೆ ಬಂತು. ಅಪ್ಪ ನೌಕರಿಗಾಗಿ ಬೀದರಿಗೆ ಬಂದಾಗ ಬಂದೂಕೂ ಅವರ ಜೊತೆ ಬಂತು. ಅವರು ಅದನ್ನು ಹಾರಿಸಿದ್ದನ್ನು ನಾನು ನೋಡಿಲ್ಲ. ತಂದೆ ಬಿಟ್ಟುಹೋದದ್ದು ಎಂದು ಇಟ್ಟುಕೊಂಡಿದ್ದರು, ಅಷ್ಟೇ. ಕಳೆದ ವರ್ಷ ಅದನ್ನು ಸರಕಾರಕ್ಕೆ ಒಪ್ಪಿಸಿದರು. ಆದ್ದರಿಂದ ಈಗ ಇದನ್ನು ಬರೆಯಬಹುದು.

ಲೈಸನ್ಸು ಇದ್ದವರು ಚುನಾವಣೆ ಬಂದಾಗ ಬಂದೂಕನ್ನು ಪೊಲೀಸ್ ಠಾಣೆಯಲ್ಲಿ ಜಮಾ ಮಾಡಬೇಕು, ಫಲಿತಾಂಶದ ನಂತರ ಬಿಡಿಸಿಕೊಂಡು ಬರಬೇಕು. ನಾವು ಬೀದರಿನ ನೌಬಾದದಲ್ಲಿ ಬಾಡಿಗೆಗಿದ್ದಾಗ, ಅಪ್ಪ ಹೋಗುವುದು ಒಂದೆರಡು ದಿನ ತಡವಾಯಿತೆಂದು ಠಾಣೆಯಿಂದ ಒಬ್ಬರು ಮನೆಗೇ ಬಂದಿದ್ದರು. ಗೇಟಿನಲ್ಲೇ ನಿಂತು, "ಮಾಸ್ತರ್ರೇ, ಬಂದೂಕ ಯಾವಾಗ ತರ್ತೀರಿ?" ಎಂದು ಕೂಗಿದರು. ಅವರ ಕೆಲಸ ಅವರು ಮಾಡಿದ್ದರು. ಆದರೆ ಮರುದಿನದಿಂದ ನನ್ನ ಜೊತೆ ಆಡಲು ಬರುತ್ತಿದ್ದ ಹುಡುಗಿಯರು ಬರಲಿಲ್ಲ. ತಿಂಗಳು ತುಂಬುವುದರೊಳಗೆ ಮನೆಯ ಮಾಲೀಕರು ತಮ್ಮ ಮಗನಿಗೆ ಮನೆ ಬೇಕಾಗಿದೆ ಎಂದರು. ಅವರ ಮಗ ಇನ್ನೂ ಶಾಲೆಗೆ ಹೋಗುತ್ತಿದ್ದ.

ಅದೇ ಊರಿನ ಚಿದ್ರಿಯಲ್ಲಿ ಸ್ವಂತ ಮನೆ ಕಟ್ಟಿಕೊಂಡಾಗ ಅವ್ವ ಒಂದೇ ಮಾತು ಹೇಳಿದಳು: "ಈ ಓಣ್ಯಾಗ ಯಾರಿಗೂ ಗೊತ್ತಾಗಬಾರದು. ಇನ್ನೊಮ್ಮಿ ನಾ ಬಾಗಿಲು ಮುಚ್ಚಿದ ಮನಿಗೋಳ ನಡುವ ಇರಂಗಿಲ್ಲ."

ಅಪ್ಪನಿಗೆ ಸರಕಾರದ ಮೇಲೆ ತಕರಾರಿರಲಿಲ್ಲ. ಬಂದೂಕಿನ ನಂಬರು, ಅಪ್ಪನ ಫೋಟೊ, ಮನೆಯ ವಿಳಾಸ, ಕೊಂಡ ಕಾಡತೂಸು ಎಲ್ಲವೂ ಸರಕಾರದ ದಾಖಲೆಯಲ್ಲಿದ್ದವು, ಈಚೆಗೆ ಕಂಪ್ಯೂಟರಿಗೂ ಸೇರಿದ್ದವು. "ಬಂದೂಕ ಇಟ್ಟವನ ಲೆಕ್ಕ ಸರ್ಕಾರ ಇಡ್ಲೇಬೇಕು," ಎನ್ನುತ್ತಿದ್ದರು ಅಪ್ಪ, "ಓಣಿ ಯಾಕ ಇಡಬೇಕು?"

ಹೀಗೆ ಗಾದಿಯ ಉಪಾಯ ಹುಟ್ಟಿತು. ಅಪ್ಪ ಗಾದಿಯನ್ನು ಆಟೊದಲ್ಲಿಡುವಾಗ ಅವ್ವ ಗೇಟಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ, "ಔರಾದಕ್ಕ, ನಮ್ಮ ತವರಿಗಿ ಹೊಂಟಾರ್ರಿ" ಎನ್ನುತ್ತಿದ್ದಳು. ಆದರೆ ಅಪ್ಪನಿಗೆ ಸುಳ್ಳು ಒಗ್ಗುತ್ತಿರಲಿಲ್ಲ. ಠಾಣೆಯಲ್ಲಿ ಬಂದೂಕು ಕೊಟ್ಟು, ಖಾಲಿ ಗಾದಿಯನ್ನು ಹೊತ್ತು, ನಿಜವಾಗಿಯೇ ಔರಾದಿನ ಬಸ್ಸು ಹತ್ತುತ್ತಿದ್ದರು. ಮಾವನ ಮನೆಯಲ್ಲಿ ಒಂದು ರಾತ್ರಿ ಉಳಿದು ಗಾದಿಯೊಂದಿಗೆ ಮರಳುತ್ತಿದ್ದರು. ಫಲಿತಾಂಶ ಬಂದ ಮೇಲೆ ಮತ್ತೆ ಅದೇ ಪ್ರಯಾಣ, ಬರುವಾಗ ಠಾಣೆಯ ಮೇಲೆ ಹಾದು.

ಓಣಿಯವರು ನಮ್ಮೊಂದಿಗೆ ಚೆನ್ನಾಗಿದ್ದರು. ಒಂದೇ ವಿಚಿತ್ರವೆಂದರೆ, ಎಲ್ಲರೂ ಅಪ್ಪನ ಸೊಂಟದ ಬಗ್ಗೆ ವಿಚಾರಿಸುತ್ತಿದ್ದರು. ಎದುರು ಮನೆಯವರು ಒಮ್ಮೆ ನೀಲಗಿರಿ ಎಣ್ಣೆಯ ಬಾಟಲಿ ತಂದುಕೊಟ್ಟರು. ಸೊಂಟ ಗಟ್ಟಿಯಾಗಿಯೇ ಇದ್ದ ಅಪ್ಪ ಸಂಕೋಚದಿಂದ ತೆಗೆದುಕೊಂಡರು.

ನಾನು ಎಂ.ಎ. ಮುಗಿಸಿ ಮನೆಗೆ ಬಂದ ವರ್ಷ ಲೈಸನ್ಸು ನವೀಕರಣಕ್ಕೆ ಬಂತು. ವಿಚಾರಣೆಗೆ ಬಂದ ಪೊಲೀಸರೊಬ್ಬರು ನಮ್ಮ ಮನೆ ಮುಗಿಸಿ ಪಕ್ಕದ ಮನೆಯ ಬಾಗಿಲು ಬಡಿದರು. ಅಲ್ಲಿದ್ದ ಹಿರಿಯ ಹೆಂಗಸನ್ನು ಅವ್ವ ಅಕ್ಕನೆಂದು ಆಪಾ ಎನ್ನುತ್ತಿದ್ದಳು, ನಾನು ದೊಡ್ಡಮ್ಮನೆಂದು ಖಾಲಾ ಎನ್ನುತ್ತಿದ್ದೆ. ಅವ್ವ ಮತ್ತು ನಾನು ನಮ್ಮ ಕಿಟಕಿಯ ಹಿಂದೆ ನಿಂತೆವು.

"ಬಾಜು ಮನಿಯವರ ಬಗ್ಗೆ ಕೇಳೋದಿತ್ರಿ ಅಮ್ಮಾ. ಮಂದಿ ಹ್ಯಾಂಗ? ಜಗಳಾ, ಕುಡ್ಯೋದು ಏನರ?"

"ಯಾಕ್ರಿ, ಹೆಣ್ಣ ನೋಡ್ಲಾಕ ಬಂದೀರೇನು?"

ನಾನು ಕಿಟಕಿಯಿಂದ ಹಿಂದೆ ಸರಿದೆ.

"ಅಲ್ರೀ, ಅವರ ಬಂದೂ..." ಎಂದು ಪೊಲೀಸರು ಶುರು ಮಾಡುವಷ್ಟರಲ್ಲಿ ಖಾಲಾ, "ಬೀದ್ಯಾಗ ಯಾಕ ಒದರ್ತೀರಿ? ಒಳಗ ಬರ್ರಿ" ಎಂದು ಕರೆದೊಯ್ದು ಬಾಗಿಲು ಮುಂದಕ್ಕೆಳೆದರು.

ಅವ್ವ ಅಲ್ಲೇ ನೆಲದ ಮೇಲೆ ಕುಳಿತಳು. "ಮುಗೀತು" ಎಂದಳು. ಅವಳ ಕಣ್ಣ ಮುಂದೆ ನೌಬಾದದ ಗೇಟು ಬಂದಿರಬೇಕು. ಪೊಲೀಸರು ಹೊರಟ ಸ್ವಲ್ಪ ಹೊತ್ತಿಗೆ ಖಾಲಾ ನಮ್ಮ ಮನೆಗೆ ಬಂದರು.

"ತಂಗಿ, ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ. ಮಾವನ ಮನಿಗಿ ಯಾರರ ಗಾದಿ ಹೊತಗೊಂಡು ಹೋಗ್ತಾರೇನು? ಹೋಗುವಾಗ ದಪ್ಪ, ಬರುವಾಗ ತೆಳ್ಳಗ. ಓಟಿನ ಎಣಿಕಿ ಮುಗದ ಮ್ಯಾಲ ತೆಳ್ಳಗ ಹೋಗಿ ದಪ್ಪ ಆಗಿ ಬರ್ತದ. ಔರಾದದಾಗ ಗಾದಿಗೂ ಊಟಾ ಹಾಕ್ತಾರೇನು?"

ಅವ್ವ ಕೇಳಿದಳು, "ಆಪಾ, ಮತ್ತ ಯಾರಿಗಿ ಗೊತ್ತದರಿ?"

"ನನಗ, ಅಲ್ಲಾಹಗ, ಸರ್ಕಾರಕ್ಕ. ನನ್ನ ಮಗಗೂ ಹೇಳಿಲ್ಲ, ಅವನ ಬಾಯಾಗ ಮಾತು ನಿಲ್ಲಂಗಿಲ್ಲ. ಎದುರು ಮನಿಯಕಿ ಕೇಳಿದಳು, ಸಾಹೇಬ್ರು ಗಾದಿ ಯಾಕ ಒಯ್ತಾರಂತ. ಅವರಿಗಿ ಕಮರ್ ನೋವು, ಸೊಂಟ ಹಿಡದದ, ತಮ್ಮ ಗಾದಿ ಇಲ್ದ ನಿದ್ದಿ ಬರಂಗಿಲ್ಲ ಅಂದೆ."

"ಪೊಲೀಸ್ರಿಗಿ ಏನ್ ಹೇಳಿದಿರಿ?" ಎಂದು ನಾನು ಕೇಳಿದೆ.

"ಖರೇ ಹೇಳೀನಿ. ಚೊಲೋ ಮಂದಿ, ದನಿ ಎತ್ತಿ ಮಾತಾಡಿದ್ದು ನಾ ಕೇಳಿಲ್ಲ ಅಂತ. ಇನ್ನೊಂದು ಮನಿ ಕೇಳಬೇಕು ಅಂದ. ಬೇಕಾದ್ರ ಕೇಳು, ಆದ್ರ ಒಳಗ ಹೋಗಿ ಮೆಲ್ಲಗ ಕೇಳು ಅಂದೆ. ನಿಮ್ಮೊಬ್ಬರ ಮಾತು ಸಾಕ್ರಿ ಅಂದು ಹೋದ."

ಅವ್ವ ಚಹಾ ಮಾಡಲು ಒಳಗೆ ಹೋದಳು. ಸಕ್ಕರೆ ಹಾಕಿದ್ದನ್ನು ಮರೆತು ಮತ್ತೊಮ್ಮೆ ಹಾಕಿದಳು. ಖಾಲಾ ಒಂದು ಗುಟುಕು ಕುಡಿದು, "ನಿನ್ನ ಮಗಳ ಲಗ್ನದ ಸಕ್ರಿ ಇವತ್ತೇ ತಿನಿಸಿದೆಲ್ಲ" ಎಂದರು. ಪೂರ್ತಿ ಕುಡಿದರು.

ನಾನು ಹೆಚ್ಚು ಮಾತಿನವಳಲ್ಲ. ಆ ದಿನ ಅವರಿಗೆ ಥ್ಯಾಂಕ್ಸ್ ಎನ್ನುವುದೂ ನನಗೆ ಹೊಳೆಯಲಿಲ್ಲ. ಅಷ್ಟು ವರ್ಷ ಎಲ್ಲ ತಿಳಿದೂ ಅವರು ನಮ್ಮ ಮನೆಗೆ ಮೊಮ್ಮಕ್ಕಳನ್ನು ಕಳಿಸಿದ್ದರು. ಈದ್‌ಗೆ ಖೀರು ಕಳಿಸಿದ್ದರು. ಎಲ್ಲ ಕೇಳಿ ತಿಳಿದ ಅಪ್ಪ ಎದುರು ಮನೆಯವರು ಕೊಟ್ಟ ಆ ಎಣ್ಣೆಯ ಬಾಟಲಿಯನ್ನು ಹುಡುಕಿ ತೆಗೆದು, ಕಪಾಟಿನಲ್ಲಿ ಮುಂದಕ್ಕೆ ಇಟ್ಟರು.

ಮುಂದಿನ ಚುನಾವಣೆಗೆ ಅಪ್ಪನ ಜೊತೆ ನಾನೂ ಗಾದಿ ಹಿಡಿದು ಹೊರಗೆ ಬಂದೆ. ಅವ್ವ ಎಂದಿನಂತೆ ಗೇಟಿಗೆ ಬಂದು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯ ಕಟ್ಟೆಯಿಂದ ಇಡೀ ಓಣಿಗೆ ಕೇಳುವಂತೆ ದನಿ ಬಂತು.

"ಔರಾದಕ್ಕ ಹೊಂಟ್ರೇನ್ರಿ ಸಾಹೇಬ್ರ? ಕಮರ್ ಜೋಪಾನ!"

ಸುಳ್ಳು ಹೇಳಲು ಬಾರದ ಅಪ್ಪ ಒಂದು ಕ್ಷಣ ನಿಂತರು. ಆಮೇಲೆ ಗಾದಿಯ ಭಾರವನ್ನೆಲ್ಲ ನನ್ನ ಕೈಗೆ ಕೊಟ್ಟು, ಸೊಂಟದ ಮೇಲೆ ಕೈ ಇಟ್ಟುಕೊಂಡು, ಮೆಲ್ಲಗೆ ಆಟೊದ ಕಡೆ ನಡೆದರು.